ಸುಡಾನ್ 2019–2021: ಇಷ್ಟೊಂದು ನೆರವು, ಇಷ್ಟೊಂದು ರಾಯಭಾರದ ನಡುವೆಯೂ ನಾಗರಿಕ ಸರ್ಕಾರ ಏಕೆ ಉಳಿಯಲಿಲ್ಲ?

ಮಲೆನಾಡಿಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಆರಂಭವಾದಾಗ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಸಮುದಾಯದ ಹಲವರು ಅಲ್-ಫಾಶಿರ್ ನಗರದಲ್ಲಿ ಸಿಕ್ಕಿಹಾಕಿಕೊಂಡದ್ದನ್ನೂ, ‘ಆಪರೇಷನ್ ಕಾವೇರಿ’ಯ ಮೂಲಕ ಊರಿಗೆ ಮರಳಿದ್ದನ್ನೂ ತಾವೆಲ್ಲ ಓದಿರುತ್ತೀರಿ. ಆ ಯುದ್ಧದ ಮೂಲವನ್ನು ತಿಳಿಯಲು ಹೊರಟ ನನ್ನ ಓದು ಈಗ 2019ಕ್ಕೆ ಬಂದು ನಿಂತಿದೆ.

ಮೂವತ್ತು ವರ್ಷ ಆಳಿದ ಓಮರ್ ಅಲ್-ಬಶೀರ್ ಅವರನ್ನು ಜನ ಬೀದಿಗಿಳಿದು ಕೆಳಗಿಳಿಸಿದರು. ಆಗಸ್ಟ್‌ನಲ್ಲಿ ಸೇನೆಯೂ ನಾಗರಿಕ ಮೈತ್ರಿಕೂಟವೂ ಸೇರಿ ಸಾಂವಿಧಾನಿಕ ಘೋಷಣೆಗೆ ಸಹಿ ಹಾಕಿದವು. ವಿಶ್ವಸಂಸ್ಥೆಯಲ್ಲಿ ದುಡಿದಿದ್ದ ಅರ್ಥಶಾಸ್ತ್ರಜ್ಞ ಅಬ್ದಲ್ಲಾ ಹಮ್ಡೋಕ್ ಪ್ರಧಾನಿಯಾದರು. ಪಾಶ್ಚಾತ್ಯ ರಾಷ್ಟ್ರಗಳು, ವಿಶ್ವಬ್ಯಾಂಕ್, ಆಫ್ರಿಕನ್ ಒಕ್ಕೂಟ ಎಲ್ಲರೂ ಅವರ ಬೆನ್ನಿಗೆ ನಿಂತಂತೆ ಕಂಡಿತು. 2020ರ ಜೂನ್‌ನ ಬರ್ಲಿನ್ ಸಮ್ಮೇಳನದಲ್ಲಿ 180 ಕೋಟಿ ಡಾಲರ್ ನೆರವಿನ ಭರವಸೆ ದೊರೆಯಿತು. ಮರುವರ್ಷ ಸಾಲಮನ್ನಾ ಪ್ರಕ್ರಿಯೆಯೂ ಆರಂಭವಾಯಿತು. ಆದರೂ 2021ರ ಅಕ್ಟೋಬರ್ 25ರಂದು ಸೇನೆ ಅಧಿಕಾರವನ್ನು ಕಿತ್ತುಕೊಂಡಿತು.

ನನ್ನ ಪ್ರಶ್ನೆ ಇಷ್ಟೆ. ನೆರವು ಸಾಲದಾಯಿತೇ, ತಡವಾಯಿತೇ, ಅಥವಾ ಇಂಥ ದೇಶಗಳಲ್ಲಿ ಹೊರಗಿನ ಹಣ ಮತ್ತು ರಾಯಭಾರದಿಂದ ಪ್ರಜಾಪ್ರಭುತ್ವವನ್ನು ಕಾಪಾಡಬಹುದೆಂಬ ನಂಬಿಕೆಯೇ ತಪ್ಪೇ? ವಿಷಯವನ್ನು ಹತ್ತಿರದಿಂದ ಬಲ್ಲವರು ವಿವರಿಸಿದರೆ ಉಪಕಾರವಾಗುತ್ತದೆ.

ಲೆಕ್ಕಪತ್ರ (ಉತ್ತರ)

ಮಲೆನಾಡಿಗರಿಗೆ ನಮಸ್ಕಾರ. ಪದವಿ ತರಗತಿಗಳಿಗೆ ಅಭಿವೃದ್ಧಿ ಅರ್ಥಶಾಸ್ತ್ರವನ್ನು ಪಾಠ ಮಾಡುವವನಾದ್ದರಿಂದ ನಾನು ಹಣದ ದಿಕ್ಕಿನಿಂದಲೇ ಉತ್ತರಿಸುತ್ತೇನೆ. ಒಟ್ಟು ಮೊತ್ತವನ್ನು ಬದಿಗಿಟ್ಟು ದಿನಾಂಕಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ಬಶೀರ್ ಪದಚ್ಯುತರಾದದ್ದು 2019ರ ಏಪ್ರಿಲ್ 11ರಂದು. ಏಪ್ರಿಲ್ 21ರಂದು, ಅಂದರೆ ಹತ್ತೇ ದಿನಗಳಲ್ಲಿ, ಸೌದಿ ಅರೇಬಿಯಾ ಮತ್ತು ಯುಎಇ 300 ಕೋಟಿ ಡಾಲರ್ ನೆರವನ್ನು ಘೋಷಿಸಿದವು. ಅದರಲ್ಲಿ 50 ಕೋಟಿಯನ್ನು ನೇರವಾಗಿ ಸುಡಾನ್‌ನ ಕೇಂದ್ರ ಬ್ಯಾಂಕಿನಲ್ಲಿ ಠೇವಣಿ ಇಡುವುದಾಗಿ ಹೇಳಿದವು. ಆಗ ದೇಶವನ್ನು ಆಳುತ್ತಿದ್ದುದು ಸೇನಾ ಮಂಡಳಿ. ಹಮ್ಡೋಕ್ ಪ್ರಮಾಣವಚನ ಸ್ವೀಕರಿಸಿದ್ದು ಆಗಸ್ಟ್ 21ರಂದು. ಅವರಿಗೆ ನೆರವಾಗಲು ಬಯಸಿದ ಪಾಶ್ಚಾತ್ಯ ರಾಷ್ಟ್ರಗಳ ದೊಡ್ಡ ಸಮ್ಮೇಳನ ನಡೆಯುವ ಹೊತ್ತಿಗೆ ಹತ್ತು ತಿಂಗಳು ಕಳೆದಿತ್ತು, ಅಲ್ಲಿ ಸಿಕ್ಕದ್ದೂ ಭರವಸೆಯೇ ಹೊರತು ಹಣವಲ್ಲ. ಜನರಲ್‌ಗಳ ಮಿತ್ರರು ಹತ್ತು ದಿನಗಳಲ್ಲಿ ಕೈ ಬಿಚ್ಚಿದರು. ನಾಗರಿಕರ ಮಿತ್ರರು ಮೊದಲು ಸುಧಾರಣೆಗಳನ್ನು ಮಾಡಿ ತೋರಿಸಿ ಎಂದರು.

ಎರಡನೆಯದು ಅಮೆರಿಕದ ಭಯೋತ್ಪಾದನೆ ಪಟ್ಟಿ. 1993ರಿಂದಲೂ ಸುಡಾನ್ ‘ಭಯೋತ್ಪಾದನೆಯ ಪ್ರಾಯೋಜಕ ರಾಷ್ಟ್ರ’ಗಳ ಪಟ್ಟಿಯಲ್ಲಿತ್ತು. ಆ ಪಟ್ಟಿಯಲ್ಲಿರುವ ದೇಶಕ್ಕೆ ವಿಶ್ವಬ್ಯಾಂಕ್ ಅಥವಾ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಹಣ ಕೊಡುವುದನ್ನು ಅಮೆರಿಕದ ಪ್ರತಿನಿಧಿ ತನ್ನ ದೇಶದ ಕಾನೂನಿನ ಪ್ರಕಾರ ವಿರೋಧಿಸಲೇಬೇಕು. ಖಾಸಗಿ ಬ್ಯಾಂಕುಗಳಂತೂ ಹತ್ತಿರ ಸುಳಿಯುವುದಿಲ್ಲ. ಬಶೀರ್ ಕಾಲದ ಅಪರಾಧಕ್ಕೆ ವಿಧಿಸಿದ್ದ ಈ ಶಿಕ್ಷೆಯನ್ನು ಬಶೀರ್ ಅವರನ್ನು ಉರುಳಿಸಿದ ಜನರೇ ಹೊರಬೇಕಾಯಿತು. 1998ರಲ್ಲಿ ನೈರೋಬಿ ಮತ್ತು ದಾರ್ ಎಸ್ ಸಲಾಮ್‌ನ ಅಮೆರಿಕನ್ ರಾಯಭಾರ ಕಚೇರಿಗಳ ಮೇಲೆ ನಡೆದ ದಾಳಿಯ ಸಂತ್ರಸ್ತರು ಮತ್ತಿತರರಿಗೆ 33.5 ಕೋಟಿ ಡಾಲರ್ ಪರಿಹಾರವನ್ನು ಹೊಂದಿಸಿಕೊಟ್ಟು, ಇಸ್ರೇಲ್ ಜೊತೆಗಿನ ಸಂಬಂಧವನ್ನು ಸಹಜಗೊಳಿಸಲು ಒಪ್ಪಿದ ಮೇಲಷ್ಟೇ, 2020ರ ಡಿಸೆಂಬರ್ 14ರಂದು, ಸುಡಾನ್‌ನ ಹೆಸರನ್ನು ಪಟ್ಟಿಯಿಂದ ತೆಗೆಯಲಾಯಿತು. ಒಟ್ಟು 39 ತಿಂಗಳ ಪರಿವರ್ತನಾ ಅವಧಿಯಲ್ಲಿ ಹದಿನಾರು ತಿಂಗಳು ಇದರಲ್ಲೇ ಕರಗಿಹೋಯಿತು.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ: ನೋವು ಮೊದಲು ಬಂತು, ಪರಿಹಾರ ಆಮೇಲೆ ಬಂತು. ಸುಮಾರು 5,600 ಕೋಟಿ ಡಾಲರ್ ವಿದೇಶಿ ಸಾಲವಿದ್ದ ದೇಶಕ್ಕೆ ಸಾಲಮನ್ನಾ ಬೇಕಾದರೆ ಐಎಂಎಫ್ ಮೇಲ್ವಿಚಾರಣೆಯ ಸುಧಾರಣೆಗಳನ್ನು ಜಾರಿಗೆ ತರಬೇಕಿತ್ತು. 2021ರ ಫೆಬ್ರುವರಿ 21ರಂದು ಡಾಲರಿಗೆ 55 ಸುಡಾನಿ ಪೌಂಡ್ ಇದ್ದ ಅಧಿಕೃತ ದರವನ್ನು ಕೈಬಿಟ್ಟು 375ಕ್ಕೆ ಇಳಿಸಲಾಯಿತು. ಜೂನ್‌ನಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಸಬ್ಸಿಡಿ ಪೂರ್ಣವಾಗಿ ಹೋಯಿತು. ಆ ವರ್ಷದ ಮಧ್ಯಭಾಗದಲ್ಲಿ ಹಣದುಬ್ಬರ ಶೇ 400ನ್ನು ದಾಟಿತು. ಈ ಪೆಟ್ಟನ್ನು ತಡೆದುಕೊಳ್ಳಲೆಂದೇ ‘ಸಮರಾತ್’ ಎಂಬ ಯೋಜನೆಯನ್ನು ರೂಪಿಸಿ, ಜನಸಂಖ್ಯೆಯ ಶೇ 80ರಷ್ಟು ಜನರಿಗೆ ತಲಾ ತಿಂಗಳಿಗೆ 5 ಡಾಲರ್ ಕೊಡಬೇಕೆಂದು ನಿರ್ಧರಿಸಲಾಗಿತ್ತು. ಆದರೆ ಅದರ ಹಣ ಹಂಚಿಕೆ ಶುರುವಾದದ್ದೇ 2021ರಲ್ಲಿ. ಹಳೆಯ ಅಧಿಕೃತ ದರದಲ್ಲಿ ಡಾಲರನ್ನು ಬದಲಾಯಿಸಿದರೆ ದಾನಿಗಳ ಹಣದ ಬಹುಪಾಲು ಬ್ಯಾಂಕಿನಲ್ಲೇ ಕರಗಿಹೋಗುತ್ತಿತ್ತು ಎಂಬ ತೊಡಕು ನಿಜವಾದದ್ದೇ. ಆದರೆ ಅದನ್ನು ಬಿಡಿಸಲು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿದದ್ದು ಯಾರ ಉದಾಸೀನ? ಯೋಜನೆ ಇನ್ನೂ ಎಲ್ಲ ಪ್ರಾಂತ್ಯಗಳನ್ನು ಮುಟ್ಟುವ ಮೊದಲೇ ಕ್ಷಿಪ್ರಕ್ರಾಂತಿ ನಡೆದು, ವಿಶ್ವಬ್ಯಾಂಕ್ ಹಣ ಬಿಡುಗಡೆಯನ್ನು ನಿಲ್ಲಿಸಿತು.

ಸಾಲದ ವಿಷಯದಲ್ಲಿ ನಡೆದ ಕೆಲಸ ನಿಜಕ್ಕೂ ದೊಡ್ಡದು, ಅದನ್ನು ಅಲ್ಲಗಳೆಯುವುದು ಸರಿಯಲ್ಲ. 2021ರ ಮಾರ್ಚ್‌ನಲ್ಲಿ ಅಮೆರಿಕ 115 ಕೋಟಿ ಡಾಲರ್ ತಾತ್ಕಾಲಿಕ ಸಾಲ ಕೊಟ್ಟು ವಿಶ್ವಬ್ಯಾಂಕಿನ ಹಳೆ ಬಾಕಿಯನ್ನು ತೀರಿಸಿಕೊಟ್ಟಿತು; ಐಎಂಎಫ್ ಬಾಕಿಗೆ ಫ್ರಾನ್ಸ್ ಮುಂದೆ ಬಂತು; ಜುಲೈನಲ್ಲಿ ಸಾಲ ಕೊಟ್ಟ ರಾಷ್ಟ್ರಗಳ ಗುಂಪಾದ ಪ್ಯಾರಿಸ್ ಕ್ಲಬ್ 1,410 ಕೋಟಿ ಡಾಲರ್ ಸಾಲವನ್ನು ರದ್ದುಮಾಡಲು ಒಪ್ಪಿತು. ಆದರೆ ಇದೆಲ್ಲ ಲೆಕ್ಕದ ಪುಸ್ತಕದಲ್ಲಿ ನಡೆದ ವಹಿವಾಟು. ಓಮ್ಡುರ್ಮಾನ್‌ನ ಮನೆಯೊಂದರಲ್ಲಿ ರೊಟ್ಟಿಗೆ ಹಣ ಹೊಂದಿಸುತ್ತಿದ್ದ ತಾಯಿಗೆ ಪ್ಯಾರಿಸ್ ಕ್ಲಬ್‌ನ ನಿರ್ಧಾರದಿಂದ ಆ ತಿಂಗಳು ಏನೂ ದಕ್ಕಲಿಲ್ಲ.

ನೀಲಿನೈಲ್ (ಉತ್ತರ)

ಔಷಧ ಆಮದಿನ ವ್ಯವಹಾರದ ಮೇಲೆ ಆ ವರ್ಷಗಳಲ್ಲಿ ರಾಜಧಾನಿ ಖಾರ್ತೂಮ್‌ನಲ್ಲಿದ್ದವನು ನಾನು. ಲೆಕ್ಕಪತ್ರ ಅವರು ಹೇಳಿದ ಪಟ್ಟಿಯ ಪರಿಣಾಮ ನಮ್ಮ ಮೇಜಿನ ಮೇಲೆ ಪ್ರತಿದಿನ ಕಾಣುತ್ತಿತ್ತು. ಮಧುಮೇಹದ ಔಷಧಿಗೆ ಆರ್ಡರ್ ಇರುತ್ತಿತ್ತು, ಭಾರತದಲ್ಲಿ ಸರಕು ಸಿದ್ಧವಾಗಿರುತ್ತಿತ್ತು, ಆದರೆ ಸುಡಾನ್‌ನ ಬ್ಯಾಂಕು ಹಣ ಪಾವತಿಯ ಖಾತರಿಯಾಗಿ ತೆರೆದ ಎಲ್‌ಸಿಯನ್ನು ಒಪ್ಪಿಕೊಳ್ಳುವ ವಿದೇಶಿ ಬ್ಯಾಂಕು ಸಿಗುತ್ತಿರಲಿಲ್ಲ. ಹಣ ದುಬೈ ಮೂಲಕ ಸುತ್ತಿ ಬರಬೇಕಿತ್ತು. ಪ್ರತಿ ಸುತ್ತಿನಲ್ಲೂ ಯಾರೋ ಒಬ್ಬರು ತಮ್ಮ ಪಾಲನ್ನು ಹಿಡಿದುಕೊಳ್ಳುತ್ತಿದ್ದರು. ಪಟ್ಟಿಯಿಂದ ಹೆಸರು ಹೋದ ಮೇಲೂ ಬ್ಯಾಂಕುಗಳ ಅಂಜಿಕೆ ತಿಂಗಳುಗಟ್ಟಲೆ ಹೋಗಲಿಲ್ಲ.

ಆದರೆ ಹಣ ಬೇಗ ಬಂದಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದು ನಾನು ಒಪ್ಪುವುದಿಲ್ಲ. ಬಂದ ಹಣ ಯಾರ ಖಜಾನೆಗೆ ಸೇರಬೇಕಿತ್ತು ಎಂಬುದನ್ನು ನೋಡಬೇಕು. ಸೇನೆಯ ಕೈಯಲ್ಲಿ ಶಸ್ತ್ರಾಸ್ತ್ರ ಕಾರ್ಖಾನೆಗಳಷ್ಟೇ ಅಲ್ಲ, ಮಾಂಸ ರಫ್ತು, ಹಿಟ್ಟು, ನಿರ್ಮಾಣ, ಆಮದು ವ್ಯಾಪಾರ ಎಲ್ಲವೂ ಇದ್ದವು. ಆರ್‌ಎಸ್‌ಎಫ್ ಅರೆಸೇನಾ ಪಡೆಯ ಮುಖ್ಯಸ್ಥ ಹೆಮೆಡ್ತಿಯ ಕುಟುಂಬದ ಕೈಯಲ್ಲಿ ಚಿನ್ನದ ವ್ಯಾಪಾರವಿತ್ತು. ಸರ್ಕಾರದ ಸಂಪನ್ಮೂಲದ ಶೇ 80ರಷ್ಟು ಹಣಕಾಸು ಸಚಿವಾಲಯದ ಹತೋಟಿಯಿಂದ ಹೊರಗಿದೆಯೆಂದು 2020ರ ಡಿಸೆಂಬರ್‌ನಲ್ಲಿ ಹಮ್ಡೋಕ್ ಅವರೇ ಬಹಿರಂಗವಾಗಿ ಹೇಳಿದರು. ಸಬ್ಸಿಡಿ ಕಡಿತದ ವೇಳಾಪಟ್ಟಿಯನ್ನು ತಿಂಗಳು ತಿಂಗಳೂ ಪರಿಶೀಲಿಸುತ್ತಿದ್ದ ಸಂಸ್ಥೆಗಳು ಈ ಶೇ 80ರ ಬಗ್ಗೆ ಅಷ್ಟೇ ಕಟ್ಟುನಿಟ್ಟಾಗಿ ಕೇಳಿದ್ದನ್ನು ನಾನು ಕಾಣೆ. ಸೇನೆಯ ಕಂಪನಿಗಳನ್ನು ನಾಗರಿಕರ ಮೇಲ್ವಿಚಾರಣೆಗೆ ತರಬೇಕೆಂಬ ಕಾನೂನು ಅಮೆರಿಕದ ಸಂಸತ್ತಿನಲ್ಲಿ ಅಂಗೀಕಾರವಾಗಿತ್ತು, ನಿಜ. ಆದರೆ ಸೇನೆಗೂ ಆರ್‌ಎಸ್‌ಎಫ್‌ಗೂ ಸೇರಿದ ನಾಲ್ಕು ಕಂಪನಿಗಳ ಮೇಲೆ ಅಮೆರಿಕ ನಿರ್ಬಂಧ ಹೇರಿದ್ದು 2023ರ ಜೂನ್ 1ರಂದು. ಅಷ್ಟರಲ್ಲಿ ಯುದ್ಧ ಶುರುವಾಗಿ ಆರು ವಾರಗಳಾಗಿದ್ದವು, ನಾವೆಲ್ಲ ಊರು ಬಿಟ್ಟಿದ್ದೆವು.

ರಾಯಭಾರದ ಬಗ್ಗೆಯೂ ಒಂದು ಮಾತು. 2020ರ ಫೆಬ್ರುವರಿಯಲ್ಲಿ ಸೇನಾ ಮುಖ್ಯಸ್ಥ ಜನರಲ್ ಬುರ್ಹಾನ್ ಉಗಾಂಡಾದ ಎಂಟೆಬೆಯಲ್ಲಿ ಇಸ್ರೇಲ್ ಪ್ರಧಾನಿ ನೆತನ್ಯಾಹು ಅವರನ್ನು ಭೇಟಿಯಾದರು. ಸಚಿವ ಸಂಪುಟಕ್ಕೆ ಅದರ ಮುನ್ಸೂಚನೆಯೇ ಇರಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಪಾಂಪಿಯೊ ಖಾರ್ತೂಮ್‌ಗೆ ಬಂದಾಗ, ಇಸ್ರೇಲ್ ಜೊತೆಗಿನ ಸಂಬಂಧವನ್ನು ಸಹಜಗೊಳಿಸುವ ನಿರ್ಧಾರ ಕೈಗೊಳ್ಳಲು ಮಧ್ಯಂತರ ಸರ್ಕಾರಕ್ಕೆ ಅಧಿಕಾರವಿಲ್ಲವೆಂದು ಹಮ್ಡೋಕ್ ನೇರವಾಗಿ ಹೇಳಿದರು. ಪ್ರಜಾಪ್ರಭುತ್ವವನ್ನು ಬೆಂಬಲಿಸಲು ಬಂದವರಿಗೆ ಆ ಉತ್ತರ ಸಮಾಧಾನ ಕೊಡಬೇಕಿತ್ತು. ಆದರೆ ಎರಡು ತಿಂಗಳಲ್ಲಿ ಒಪ್ಪಿಗೆ ಘೋಷಣೆಯಾಯಿತು, ಮತ್ತು ಬೇಕಾದ ಕೆಲಸ ಬೇಗ ಆಗಬೇಕಾದರೆ ಯಾರ ಬಾಗಿಲು ತಟ್ಟಬೇಕು ಎಂಬುದು ಎಲ್ಲರಿಗೂ ಗೊತ್ತಾಯಿತು. 2021ರ ಅಕ್ಟೋಬರ್ 24ರಂದು ಅಮೆರಿಕದ ವಿಶೇಷ ರಾಯಭಾರಿ ಜೆಫ್ರಿ ಫೆಲ್ಟ್‌ಮನ್ ಜನರಲ್‌ಗಳ ಜೊತೆ ಮಾತನಾಡಿ ಖಾರ್ತೂಮ್‌ನಿಂದ ಹೊರಟರು. ಕೆಲವೇ ಗಂಟೆಗಳಲ್ಲಿ ಹಮ್ಡೋಕ್ ಬಂಧನದಲ್ಲಿದ್ದರು. ಆ ಬೆಳಿಗ್ಗೆ ಇಂಟರ್‌ನೆಟ್ ಇರಲಿಲ್ಲ. ಮಸೀದಿಯ ಧ್ವನಿವರ್ಧಕದಿಂದ ಬೀದಿಗೆ ಬನ್ನಿ ಎಂಬ ಕರೆ ಕೇಳಿದಾಗಲೇ ನಮ್ಮ ಓಣಿಗೆ ವಿಷಯ ತಿಳಿದದ್ದು.

ಸಂವಿಧಾನಪ್ರಿಯ (ಉತ್ತರ)

ಮೇಲಿನ ಇಬ್ಬರ ಬರಹವನ್ನೂ ಗೌರವದಿಂದ ಓದಿದೆ. ಆದರೆ ಎಲ್ಲ ಹೊಣೆಯನ್ನೂ ವಾಷಿಂಗ್ಟನ್ ಮತ್ತು ಅಬುಧಾಬಿಯ ಮೇಲೆ ಹಾಕಿದರೆ ಸುಡಾನಿನ ನಾಗರಿಕ ನಾಯಕರನ್ನು ಕೈಗೂಸುಗಳೆಂದು ಭಾವಿಸಿದಂತಾಗುತ್ತದೆ.

2019ರ ಸಾಂವಿಧಾನಿಕ ಘೋಷಣೆಯಲ್ಲಿ ಗರಿಷ್ಠ 300 ಸದಸ್ಯರ ಶಾಸನ ಮಂಡಳಿಯನ್ನು ತೊಂಬತ್ತು ದಿನಗಳೊಳಗೆ ರಚಿಸಬೇಕೆಂದು ಬರೆಯಲಾಗಿತ್ತು. ಎರಡು ವರ್ಷ ಕಳೆದರೂ ಅದು ರಚನೆಯಾಗಲೇ ಇಲ್ಲ. ಸ್ಥಾನ ಹಂಚಿಕೆಯ ಜಗಳ, ಬಂಡುಕೋರ ಗುಂಪುಗಳೊಂದಿಗಿನ ಶಾಂತಿ ಒಪ್ಪಂದಕ್ಕಾಗಿ ಕಾಯುವಿಕೆ, ಮೈತ್ರಿಕೂಟದೊಳಗಿನ ಒಡಕು ಎಲ್ಲ ಸೇರಿ ಅದನ್ನು ಮುಂದೂಡುತ್ತಲೇ ಹೋದವು. ಸಾಂವಿಧಾನಿಕ ನ್ಯಾಯಾಲಯವೂ ಕಾರ್ಯಾರಂಭ ಮಾಡಲಿಲ್ಲ. ಶಾಸನ ಮಂಡಳಿಯಿಲ್ಲದ ಕಾರಣ ಕಾನೂನುಗಳನ್ನು ಸೇನೆಯವರೂ ನಾಗರಿಕರೂ ಸೇರಿದ್ದ ಸಾರ್ವಭೌಮ ಮಂಡಳಿ ಮತ್ತು ಸಚಿವ ಸಂಪುಟದ ಜಂಟಿ ಸಭೆಯೇ ಅಂಗೀಕರಿಸುತ್ತಿತ್ತು. ಆ ಸಾರ್ವಭೌಮ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿ ಕುಳಿತಿದ್ದವರು ಬುರ್ಹಾನ್. ಸೇನೆಯ ಕಂಪನಿಗಳ ಲೆಕ್ಕ ಕೇಳುವ ಸಂಸ್ಥೆಯನ್ನೇ ಕಟ್ಟದವರು ಹೊರಗಿನವರು ಲೆಕ್ಕ ಕೇಳಲಿಲ್ಲವೆಂದು ದೂರುವುದು ಎಷ್ಟು ಸರಿ?

ಹೊರಗಿನ ರಾಯಭಾರ ಯಾವಾಗಲೂ ಸೋತಿತು ಎಂಬುದೂ ನಿಜವಲ್ಲ. 2019ರ ಜೂನ್ 3ರಂದು ಸೇನಾ ಪ್ರಧಾನ ಕಚೇರಿಯ ಮುಂದೆ ಧರಣಿ ಕುಳಿತವರ ಮೇಲೆ ದಾಳಿ ನಡೆದು ನೂರಕ್ಕೂ ಹೆಚ್ಚು ಜನ ಸತ್ತಾಗ, ಆಫ್ರಿಕನ್ ಒಕ್ಕೂಟ ಮೂರೇ ದಿನಗಳಲ್ಲಿ ಸುಡಾನ್‌ನ ಸದಸ್ಯತ್ವವನ್ನು ಅಮಾನತುಗೊಳಿಸಿತು. ಮರುದಿನ ಇಥಿಯೋಪಿಯಾದ ಪ್ರಧಾನಿ ಅಬಿಯ್ ಅಹ್ಮದ್ ಖಾರ್ತೂಮ್‌ಗೆ ಹೋದರು. ಒಕ್ಕೂಟದ ಪರವಾಗಿ ಮಾರಿಟಾನಿಯದ ಲೆಬಾತ್ ಮತ್ತು ಇಥಿಯೋಪಿಯಾದ ಪರವಾಗಿ ಮಹಮೂದ್ ದಿರಿರ್ ವಾರಗಟ್ಟಲೆ ಎರಡೂ ಪಕ್ಷಗಳ ನಡುವೆ ಓಡಾಡಿದರು. ಅಮೆರಿಕ, ಬ್ರಿಟನ್, ಸೌದಿ ಮತ್ತು ಯುಎಇ ಕೂಡ ಜನರಲ್‌ಗಳ ಮೇಲೆ ಒತ್ತಡ ತಂದವು. ಜೂನ್ 30ರಂದು ಲಕ್ಷಾಂತರ ಜನ ಮತ್ತೆ ಬೀದಿಗಿಳಿದದ್ದೂ ಅದರ ಜೊತೆಗೆ ಸೇರಿತು. ಆಗಸ್ಟ್ 17ರ ಸಹಿಗೆ ಇದೇ ಕಾರಣ. ಬೀದಿಯೂ ನೆರೆಹೊರೆಯೂ ಒಂದೇ ದಿಕ್ಕಿಗೆ ಎಳೆದಾಗ ಸೇನೆ ಬಗ್ಗಿತು, 2021ರಲ್ಲಿ ಹಾಗಾಗಲಿಲ್ಲ.

ಲೆಕ್ಕಪತ್ರ (ಪ್ರತಿಕ್ರಿಯೆ)

ಶಾಸನ ಮಂಡಳಿಯ ವಿಷಯದಲ್ಲಿ ಸಂವಿಧಾನಪ್ರಿಯ ಅವರ ಮಾತು ಸರಿ, ಅದನ್ನು ಸುಡಾನಿನವರೇ ಇಂದು ನೋವಿನಿಂದ ಹೇಳಿಕೊಳ್ಳುತ್ತಾರೆ. ಆದರೆ ತಾವೇ ಕೊಟ್ಟ 2019ರ ಉದಾಹರಣೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕಲ್ಲವೇ? ಒತ್ತಡದಿಂದ ಸಹಿ ಬಂತು. ಸಹಿ ಬಿದ್ದ ಕೂಡಲೇ ಒತ್ತಡ ನಿಂತಿತು. ಆಗಸ್ಟ್ ನಂತರ ಆ ನಾಲ್ಕೂ ರಾಜಧಾನಿಗಳು ಸೇನೆಗೂ ನಾಗರಿಕರಿಗೂ ನಡುವೆ ‘ಪಾಲುದಾರಿಕೆ’ಯೊಂದು ಏರ್ಪಟ್ಟಿದೆ ಎಂಬ ಭಾಷೆಯಲ್ಲಿ ಮಾತನಾಡತೊಡಗಿದವು. ಷರತ್ತುಗಳೆಲ್ಲ ಪಾಲುದಾರರಲ್ಲಿ ಬಡವನ ಮೇಲೆ ಬಿದ್ದವು. ಕ್ಷಿಪ್ರಕ್ರಾಂತಿಯ ದಿನ ಅಮೆರಿಕ 70 ಕೋಟಿ ಡಾಲರ್ ನೆರವನ್ನು ತಡೆಹಿಡಿಯಿತು. ಅದು ನಾಗರಿಕ ಸರ್ಕಾರಕ್ಕೆಂದು ಮೀಸಲಿಟ್ಟ ಹಣ. ಚಿನ್ನದ ಆದಾಯವಿದ್ದವರಿಗೆ ಅದರಿಂದ ಎಷ್ಟು ಬಿಸಿ ತಟ್ಟಿರಬಹುದೆಂದು ಯೋಚಿಸಿ.

ಮುಂದೆ ನಾಗರಿಕ ಆಡಳಿತಕ್ಕೆ ಮರಳಲೆಂದು ಮಾಡಿಕೊಂಡ 2022ರ ಡಿಸೆಂಬರ್ 5ರ ಚೌಕಟ್ಟು ಒಪ್ಪಂದದಲ್ಲೂ ಇದೇ ನಡೆಯಿತು. ಆರ್‌ಎಸ್‌ಎಫ್ ಅನ್ನು ಸೇನೆಯಲ್ಲಿ ವಿಲೀನಗೊಳಿಸಲು ಎಷ್ಟು ಕಾಲ ಬೇಕೆಂಬ ಪ್ರಶ್ನೆ ಬಂದಾಗ ಸೇನೆ ಎರಡು ವರ್ಷ ಎಂದಿತು, ಹೆಮೆಡ್ತಿ ಹತ್ತು ವರ್ಷ ಎಂದರು. ಎಲ್ಲಕ್ಕಿಂತ ಕಠಿಣವಾದ ಆ ಗಂಟನ್ನು ಕೊನೆಗೆ ಉಳಿಸಿಕೊಂಡು, ಸಹಿಯ ದಿನಾಂಕವನ್ನು ಮೊದಲೇ ಗೊತ್ತುಮಾಡಿ, ಎರಡು ಸೇನೆಗಳು ರಾಜಧಾನಿಯಲ್ಲಿ ಜಮಾಯಿಸುತ್ತಿರುವಾಗಲೂ ಮಧ್ಯಸ್ಥರು ಅಂತಿಮ ಒಪ್ಪಂದ ಸನ್ನಿಹಿತವೆಂದು ನಂಬಿದ್ದರು. 2023ರ ಏಪ್ರಿಲ್ 15ರ ಬೆಳಿಗ್ಗೆ ಈ ಎರಡು ಪಡೆಗಳ ನಡುವೆ ಖಾರ್ತೂಮ್ ವಿಮಾನ ನಿಲ್ದಾಣದ ಸುತ್ತ ಗುಂಡಿನ ಕಾಳಗ ಆರಂಭವಾಯಿತು.

ಮಲೆನಾಡಿಗ (ಮರುಪ್ರಶ್ನೆ)

ಮೂವರಿಗೂ ಕೃತಜ್ಞತೆಗಳು. ಹಾಗಾದರೆ ಹೊರಗಿನ ನೆರವಿನಿಂದ ಇಂಥ ಪರಿವರ್ತನೆ ಎಲ್ಲಿಯಾದರೂ ಗೆದ್ದದ್ದುಂಟೇ? ಸುಡಾನ್‌ನಲ್ಲಿ ಇಂದು ನೆರವು ಕೊಡುವವರು ಯಾರ ಕೈಗೆ ಕೊಡಬೇಕು?

ಪೂರ್ವತೀರ (ಉತ್ತರ)

ಮೊದಲ ಪ್ರಶ್ನೆಗೆ ನಾನು ಓದಿ ತಿಳಿದಿರುವ, ಆಗ್ನೇಯ ಏಷ್ಯಾದ ತಿಮೋರ್-ಲೆಸ್ಟೆಯ ಉದಾಹರಣೆ ಕೊಡಬಹುದು. 1999ರ ಆಗಸ್ಟ್ 30ರ ಜನಮತ ಗಣನೆಯಲ್ಲಿ ಶೇ 78.5ರಷ್ಟು ಜನ ಇಂಡೊನೇಷ್ಯಾದಿಂದ ಬೇರೆಯಾಗಲು ಮತ ಹಾಕಿದರು. ನಂತರದ ಹಿಂಸಾಚಾರದಲ್ಲಿ ದೇಶದ ಕಟ್ಟಡಗಳ ಬಹುಪಾಲು ಸುಟ್ಟುಹೋಯಿತು. ಆದರೂ ವಿಶ್ವಸಂಸ್ಥೆ ಎರಡೂವರೆ ವರ್ಷ ನೇರವಾಗಿ ಆಡಳಿತ ನಡೆಸಿ, 2002ರ ಮೇ 20ರಂದು ಚುನಾಯಿತ ಸರ್ಕಾರಕ್ಕೆ ಅಧಿಕಾರ ಒಪ್ಪಿಸಿತು. ಇಂದಿಗೂ ಅಲ್ಲಿ ಚುನಾವಣೆಯಿಂದಲೇ ಸರ್ಕಾರಗಳು ಬದಲಾಗುತ್ತಿವೆ. ಸುಡಾನ್‌ಗೂ ಅದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಅಲ್ಲಿ ಹಳೆಯ ಸೇನೆ 1999ರಲ್ಲೇ ದೇಶ ಬಿಟ್ಟು ಹೋಯಿತು. ಸಮುದ್ರದ ತೈಲದ ಆದಾಯ 2005ರಿಂದ ಕಾನೂನಿನ ಕಟ್ಟುಪಾಡಿರುವ ಒಂದೇ ಪೆಟ್ರೋಲಿಯಂ ನಿಧಿಗೆ ಸೇರುತ್ತದೆ. ಬಂದೂಕು ಹಿಡಿದವನಿಗೆ ಸ್ವಂತ ಗಣಿಯಿಲ್ಲ.

ಅಲ್ಲಿಯೂ ಎಡವಟ್ಟಾಗದೇ ಇರಲಿಲ್ಲ. ವಿಶ್ವಸಂಸ್ಥೆ ತನ್ನ ಪಡೆಗಳನ್ನು ಹಿಂದಕ್ಕೆ ಕರೆಸಿಕೊಂಡ ಮೇಲೆ, 2006ರಲ್ಲಿ ಸುಮಾರು ಆರು ನೂರು ಸೈನಿಕರನ್ನು ವಜಾಗೊಳಿಸಿದ್ದು ಸೇನೆ ಮತ್ತು ಪೊಲೀಸರ ನಡುವಿನ ಕಾಳಗಕ್ಕೆ ತಿರುಗಿತು. ಆಗ ದಾನಿ ರಾಷ್ಟ್ರಗಳು ಕೈಚೆಲ್ಲಲಿಲ್ಲ. ಹೊಸ ನಿಯೋಗವೊಂದು ಬಂತು, ನಮ್ಮವರೇ ಆದ ರಾಜತಾಂತ್ರಿಕ ಅತುಲ್ ಖರೆ ಅದರ ಮುಖ್ಯಸ್ಥರಾದರು, 2012ರ ಕೊನೆಯವರೆಗೂ ಅದು ಅಲ್ಲಿಯೇ ಇತ್ತು. ಸುಡಾನ್‌ಗೆ ಹೋದ ವಿಶ್ವಸಂಸ್ಥೆಯ ರಾಜಕೀಯ ನಿಯೋಗ 2021ರಲ್ಲಿ ಕೆಲಸ ಆರಂಭಿಸಿತು. 2023ರ ಡಿಸೆಂಬರ್‌ನಲ್ಲಿ, ಸೇನೆಯ ಬೇಡಿಕೆಯಂತೆ, ಭದ್ರತಾ ಮಂಡಳಿ ಅದನ್ನು ಮುಚ್ಚಿತು.

ಎರಡನೆಯ ಪ್ರಶ್ನೆಗೆ ನೀಲಿನೈಲ್ ಅವರು ನನಗಿಂತ ಚೆನ್ನಾಗಿ ಉತ್ತರಿಸಬಲ್ಲರು.

ನೀಲಿನೈಲ್ (ಪ್ರತಿಕ್ರಿಯೆ)

2019ರ ಚಳವಳಿಯ ಬೆನ್ನೆಲುಬು ಬಡಾವಣೆ ಬಡಾವಣೆಗಳಲ್ಲಿದ್ದ ಪ್ರತಿರೋಧ ಸಮಿತಿಗಳು. ಕ್ಷಿಪ್ರಕ್ರಾಂತಿಯ ನಂತರ ‘ಮಾತುಕತೆಯಿಲ್ಲ, ಪಾಲುದಾರಿಕೆಯಿಲ್ಲ, ಮಾನ್ಯತೆಯಿಲ್ಲ’ ಎಂದು ಸೇನೆಗೆ ಎದುರು ನಿಂತವರು ಅವರೇ. ವಿದೇಶಿ ರಾಯಭಾರಿಗಳಿಗೆ ಅವರೊಂದಿಗೆ ವ್ಯವಹರಿಸುವುದು ಕಷ್ಟವಾಗಿತ್ತು, ಏಕೆಂದರೆ ಹೋಟೆಲಿನ ಸಭೆಗೆ ಕರೆಯಲು ಅವರಲ್ಲಿ ಒಬ್ಬ ಅಧ್ಯಕ್ಷನೂ ಇರಲಿಲ್ಲ.

ಯುದ್ಧ ಆರಂಭವಾದ ಮೇಲೆ ಅದೇ ಜಾಲದ ಯುವಕ ಯುವತಿಯರು ‘ತುರ್ತು ಸ್ಪಂದನಾ ಕೊಠಡಿ’ಗಳನ್ನು ಕಟ್ಟಿದರು. ನಾವಿದ್ದ ಬಡಾವಣೆಯಲ್ಲಿ ಉಳಿದುಕೊಂಡ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಹೇಳುವಂತೆ, ದೊಡ್ಡ ಹಂಡೆಯಲ್ಲಿ ಬೇಳೆಯನ್ನೋ ಫೂಲ್ ಕಾಳನ್ನೋ ಬೇಯಿಸುತ್ತಾರೆ, ಮಕ್ಕಳು ಪಾತ್ರೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ, ಯಾರ ಮನೆಗೆ ಎಷ್ಟು ಹೋಯಿತೆಂಬ ಲೆಕ್ಕವನ್ನು ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಹೊರದೇಶದಲ್ಲಿರುವ ಸುಡಾನಿಗಳು ಬ್ಯಾಂಕಿನ ಮೊಬೈಲ್ ಆ್ಯಪ್ ಮೂಲಕ ಹಣ ಕಳಿಸುತ್ತಾರೆ. ಅಮೆರಿಕದ ನೆರವು ಸಂಸ್ಥೆಯ ಹಣವೂ ಇಂಥ ಅಡುಗೆಮನೆಗಳಿಗೆ ತಲುಪುತ್ತಿತ್ತು. 2025ರ ಜನವರಿಯಲ್ಲಿ ಅಮೆರಿಕದ ಸರ್ಕಾರ ವಿದೇಶಿ ನೆರವನ್ನು ಏಕಾಏಕಿ ತಡೆದಾಗ ನೂರಾರು ಅಡುಗೆಮನೆಗಳ ಒಲೆ ಆರಿತು. ಅದೇ ವರ್ಷ ನಾರ್ವೆಯ ರಾಫ್ಟೊ ಮಾನವ ಹಕ್ಕು ಪ್ರಶಸ್ತಿ ಈ ಕೊಠಡಿಗಳಿಗೆ ಸಂದಿತು. ಪ್ರಶಸ್ತಿ ಒಳ್ಳೆಯದೇ, ಆದರೆ ಬೇಳೆಯ ಚೀಲ ಅದರಿಂದ ತುಂಬುವುದಿಲ್ಲ.

ಆದ್ದರಿಂದ ಮಲೆನಾಡಿಗರಿಗೆ ನನ್ನ ಉತ್ತರ: ಕೊಡುವವರು ಚಿಕ್ಕ ಚಿಕ್ಕ ಮೊತ್ತಗಳಲ್ಲಿ, ಕಾಗದಪತ್ರಗಳ ಕಾಟವನ್ನು ಕಡಿಮೆ ಮಾಡಿ, ನೇರವಾಗಿ ಈ ಕೊಠಡಿಗಳಿಗೆ ಕೊಡಲಿ. ಮುಂದೆ ಜೆಡ್ಡಾದಲ್ಲೋ ಜಿನೀವಾದಲ್ಲೋ ಮಾತುಕತೆ ನಡೆದಾಗ ಎರಡೂ ಸೇನೆಗಳ ಪ್ರತಿನಿಧಿಗಳನ್ನು ಕೂರಿಸುವ ಮೇಜಿನಲ್ಲೇ ಇವರಿಗೂ ಕುರ್ಚಿ ಹಾಕಲಿ, ಮತ್ತು ಚಿನ್ನ ಯಾವ ವಿಮಾನದಲ್ಲಿ ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆಯನ್ನು ಮೊದಲ ದಿನವೇ ಕೇಳಲಿ.